ಚೌಕಾಸಿ ಮಾಡದ ಗಿರಾಕಿ

ಮುಂಬೈ ಕಡೆ ಹಳೆ ಸಾಮಾನು ಕೊಳ್ಳೋಕೆ ಬಂದವನು ಚೌಕಾಸಿ ಮಾಡಲಿಲ್ಲ ಅಂದ್ರೆ ಅವನು ಗಿರಾಕಿಯೇ ಅಲ್ಲ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಡೊಂಬಿವಲಿಯ ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ, ಅಂದ್ರೆ ಕೆಡವಿ ಹೊಸದಾಗಿ ಕಟ್ಟೋಕೆ, ಹೋಗ್ತಿದೆ. ಬಾಡಿಗೆಗೆ ಸಿಗೋ ಮನೆಗಳೆಲ್ಲ ಚಿಕ್ಕವು. ಹಾಗಾಗಿ ಮಂಚ, ಕಪಾಟು, ಫ್ರಿಜ್ ಎಲ್ಲ ಆನ್‌ಲೈನ್ ಮಾರಾಟಕ್ಕೆ. ಕೆಳಗಿನ ಮನೆಯ ಅಕ್ಕ ಕಪಾಟಿಗೆ 8,000 ಅಂತ ಹಾಕಿದ್ದೇ ತಡ, ಫೋನು ಬಂತು. ತಾನು ಮಿಲಿಟರಿಯವನು, ಪೋಸ್ಟಿಂಗ್ ಆಗಿದೆ, ಟೆಂಪೋ ಕಳಿಸ್ತೇನೆ ಅಂದ. ಬಾಗಿಲು ಸರಿಯಾಗಿ ಮುಚ್ಚುತ್ತಾ, ತುಕ್ಕು ಹಿಡಿದಿದೆಯಾ, ಒಂದೂ ಕೇಳಲಿಲ್ಲ. ವಾಟ್ಸಾಪಿಗೆ ಯೂನಿಫಾರ್ಮಿನ ಐಡಿ ಕಾರ್ಡ್ ಬಂತು. ಖಾತೆ ಸರಿ ಇದೆಯಾ ನೋಡೋಣ ಅಂತ 5 ರೂಪಾಯಿ ಬಂತು. ಆಮೇಲೆ ಕ್ಯೂಆರ್ ಕೋಡ್. "ಸ್ಕ್ಯಾನ್ ಮಾಡಿ ಪಿನ್ ಹಾಕಿ ಆಂಟಿಜೀ, ಪೂರ್ತಿ ದುಡ್ಡು ಬಂದುಬಿಡುತ್ತೆ." ಅಕ್ಕನ ಖಾತೆಯಿಂದಲೇ 8,000 ಹೋಯ್ತು.

ಯುಪಿಐ ಪಿನ್ ದುಡ್ಡು ಕಳಿಸೋದಕ್ಕೆ. ಬರೋ ದುಡ್ಡಿಗೆ ಪಿನ್ ಬೇಡ. ಅಕ್ಕನಿಗೂ ಇದು ಗೊತ್ತಿತ್ತು. ಆದರೆ ಆ ಮನುಷ್ಯ ಫೋನ್ ಇಡಲೇ ಇಲ್ಲ. ಟೆಂಪೋ ಹೊರಟಾಗಿದೆ, ಬೇಗ ಬೇಗ ಅಂತ ಕಿವಿಯಲ್ಲೇ ಕೂತ. ಯೋಚಿಸೋಕೆ ಬಿಡದೇ ಇರೋದೇ ಇವರ ಕಸುಬು.

ಮರುದಿನದವರೆಗೂ ಅಕ್ಕ ಬಾಯಿ ಬಿಡಲಿಲ್ಲ. "ಪುಣೆಯಲ್ಲಿರೋ ಮಗ ಬೈತಾನೆ ಮಾರಾಯ್ತಿ" ಅಂದರು. ನನಗೆ ಸಿಟ್ಟು ಬರೋದು ಇಲ್ಲೇ, ಅಕ್ಕನ ಮೇಲಲ್ಲ. ಓದಿದವರೂ ಹೀಗೆ ಮೋಸ ಹೋಗ್ತಾರಾ ಅಂತ ನಗ್ತಾರಲ್ಲ, ಅವರ ಮೇಲೆ. 2021ರಲ್ಲಿ ಆಗಿನ ದಿಲ್ಲಿ ಮುಖ್ಯಮಂತ್ರಿ ಕೇಜ್ರಿವಾಲ್ ಅವರ ಮಗಳೇ ಹಳೆ ಸೋಫಾ ಮಾರೋಕೆ ಹೋಗಿ ಇದೇ ಕ್ಯೂಆರ್ ಆಟದಲ್ಲಿ 34,000 ರೂಪಾಯಿ ಕಳಕೊಂಡಿದ್ದರು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ದುಡ್ಡನ್ನು ದಾರಿಯಲ್ಲೇ ತಡೆಯೋಕೆ ಅವಕಾಶ ಇರುತ್ತೆ. ಬೈಗುಳಕ್ಕೆ ಹೆದರಿ ಸುಮ್ನೆ ಕೂತರೆ ಅಷ್ಟರಲ್ಲಿ ಅದು ನಾಲ್ಕಾರು ಖಾತೆ ದಾಟಿರುತ್ತೆ.

ದುಡ್ಡು ಕಳಿಸಿದ್ದೇನೆ ಅಂತ ಸ್ಕ್ರೀನ್‌ಶಾಟ್ ತೋರಿಸಿ ಸಾಮಾನು ಎತ್ಕೊಂಡು ಹೋಗೋರು ಬೇರೆ ಇದ್ದಾರೆ. ಹಸಿರು ಟಿಕ್ ತೋರಿಸೋ ನಕಲಿ ಆ್ಯಪ್‌ಗಳೇ ಇವೆ. ನಮ್ಮ ಮಾರ್ಕೆಟ್ಟಿನ ಮೀನಿನ ಮಾವಶಿ ಗಿರಾಕಿಯ ಫೋನ್ ಕಡೆ ಕಣ್ಣೂ ಹಾಯಿಸಲ್ಲ. ದುಡ್ಡು ಬಂದದ್ದನ್ನು ಕೂಗಿ ಹೇಳೋ ಸೌಂಡ್‌ಬಾಕ್ಸ್ ಡಬ್ಬಿ ಮಾತಾಡದಿದ್ದರೆ "ಆವಾಜ್ ನಾಯ್ ಆಲಾ" (ಸದ್ದು ಬರಲಿಲ್ಲ) ಅಂತ ಪಾಪ್ಲೆಟ್ ಚೀಲ ಕೈಯಲ್ಲೇ ಹಿಡಿದು ಕೂರ್ತಾಳೆ. ಮನೆಯಿಂದ ಮಾರೋ ನಮ್ಮ ಹತ್ತಿರ ಆ ಡಬ್ಬಿ ಇಲ್ಲ. ಬ್ಯಾಂಕಿನ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡದೆ ಟೆಂಪೋ ಬಿಡಬೇಡಿ. ಮಾಮೂಲಿ ಮೊಬೈಲ್ ನಂಬರಿನಿಂದ ಬಂದ "ಕ್ರೆಡಿಟೆಡ್" ಮೆಸೇಜ್ ಬ್ಯಾಂಕಿನದಲ್ಲ.

ದುಡ್ಡು ನಿಜವಾಗಿ ಬಂದರೂ ತಲೆನೋವು ಮುಗೀಲಿಲ್ಲ. ಅದು ಇನ್ಯಾರಿಂದಲೋ ಲಪಟಾಯಿಸಿದ ದುಡ್ಡಾಗಿದ್ದರೆ, ಬೇರೆ ರಾಜ್ಯದ ಪೊಲೀಸರು ಹೇಳಿದರು ಅಂತ ಬ್ಯಾಂಕು ನಿಮ್ಮ ಖಾತೆಯನ್ನೇ ತಡೆಹಿಡಿಯಬಹುದು. ಕಪಾಟೂ ಇಲ್ಲ, ಸಂಬಳವೂ ಕೈಗಿಲ್ಲ, ಓಡಾಟ ಮಾತ್ರ ನಮಗೆ. ಅನುಮಾನದ ಮೊತ್ತವನ್ನಷ್ಟೇ ತಡೆದರೆ ಸಾಲದಾ?

ಅದಕ್ಕೇ ಈಗ ನಾನು ಹೇಳೋದು ಇಷ್ಟೇ: ಮನೆಗೆ ಬಂದು ಸಾಮಾನು ನೋಡಲಿ, ನಗದು ಕೊಡಲಿ. ಕ್ಯಾಶ್ ಇಟ್ಕೊಂಡಿಲ್ಲ ಅಂದ್ರೆ ಬಿಲ್ಡಿಂಗ್ ಕೆಳಗೇ ಎಟಿಎಂ ಇದೆ.