ಧೂಳು ಊದಬೇಡಿ, ಹೀರಿ ತೆಗೆಯಿರಿ

ಒಂದು ಕೆಲಸ ಮುಗಿದು ಇನ್ನೊಂದಕ್ಕೆ ಕೈ ಹಾಕುವ ಮೊದಲು ಅರ್ಧ ದಿನ ಮರಗೆಲಸದ ಶೆಡ್ಡಿನ ಸ್ವಚ್ಛತೆಗೇ ಕೊಡಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಒಪ್ಪಿದೆ. ಆದರೆ ಬ್ಲೋವರ್ ಹಿಡಿದು ಊದಿಬಿಡಿ ಅಂದದ್ದಕ್ಕೆ ನನ್ನ ತಕರಾರಿದೆ. ದಪ್ಪ ಹೊಟ್ಟು ಬಾಗಿಲಾಚೆ ಹೋಗುತ್ತದೆ, ನಿಜ. ನುಣ್ಣನೆಯ ಪುಡಿ ಮಾತ್ರ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿದ್ದು ನಮ್ಮ ಎದೆಗೂಡಿಗೆ ಇಳಿಯುತ್ತದೆ, ಉಳಿದದ್ದು ಆಗಷ್ಟೇ ಬಳಿದ ವಾರ್ನಿಷ್ ಮೇಲೆ ಕೂರುತ್ತದೆ. ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ಮಾಸ್ಕ್ ಹಾಕಿಕೊಂಡು, ಒಳ್ಳೆಯ ಫಿಲ್ಟರ್ ಇರುವ ವ್ಯಾಕ್ಯೂಮ್‌ನಿಂದ ಮೇಲಿನಿಂದ ಕೆಳಕ್ಕೆ ಬನ್ನಿ. ಟ್ಯೂಬ್‌ಲೈಟಿನ ನೆತ್ತಿ ಮರೆಯಬೇಡಿ!

ಇನ್ನು ಗರಗಸ ಯಂತ್ರದ ಬ್ಲೇಡು. ಮೊಂಡಾಗಿದೆ ಅಂತ ಒಮ್ಮೆ ಸಾಣೆಗೆ ಕಳಿಸಲು ಹೊರಟಿದ್ದೆ. ಪ್ಲಗ್ ಕಿತ್ತು, ಬಿಚ್ಚಿ ನೋಡಿದರೆ ಹಲ್ಲುಗಳ ಪಕ್ಕದಲ್ಲೆಲ್ಲ ಸುಟ್ಟು ಕಂದಾದ ರಾಳ, ಉಗುರಿಗೂ ಜಗ್ಗದು. ಪಾತ್ರೆ ತೊಳೆಯುವ ಸೋಪಿನ ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ, ತೇವವಿಲ್ಲದಂತೆ ಒರೆಸಿ ಹಾಕಿದೆ. ಕೊಯ್ಯುವಾಗ ಮರ ಸುಡುವುದು ನಿಂತಿತು, ಸಾಣೆ ಬೇಕಾಗಲೇ ಇಲ್ಲ. ಆ ಯಂತ್ರದ ಎರಕದ ಕಬ್ಬಿಣದ ಮೇಜಿಗೆ ತೆಳುವಾಗಿ ಮೇಣ ಸಾಕು. ಸಿಲಿಕೋನ್ ಇರುವ ಪಾಲಿಶ್ ಬೇಡ, ಅದು ಮರಕ್ಕಂಟಿದರೆ ಬಣ್ಣ ಅಲ್ಲಲ್ಲಿ ಕುಳಿ ಬೀಳುತ್ತದೆ.

ಲೇಖನದಲ್ಲಿ ಇಲ್ಲದ ಒಂದು ವಿಷಯ: ಅಗಸೆ ಎಣ್ಣೆ ಒರೆಸಿದ ಬಟ್ಟೆ. ಮುದ್ದೆ ಮಾಡಿ ಮೂಲೆಗೆಸೆದರೆ ಒಣಗುವಾಗ ತಾನೇ ಕಾದು ಹೊತ್ತಿಕೊಳ್ಳಬಹುದು, ಕಿಡಿಯೇ ಬೇಕಿಲ್ಲ. ನಾನು ಹೊರಗೆ ಒಂದೊಂದೇ ಬಿಡಿಸಿ ಒಣಹಾಕುತ್ತೇನೆ.