ಎಸ್ಮೆರಾಲ್ಡಾಳ ಜಡೆಬಿಲ್ಲೆ

ಪ್ರಶ್ನೆ: ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೊ 1831ರ ತಮ್ಮ ‘ನೋತ್ರ್ ದಾಮ್ ದ ಪಾರಿ’ ಕಾದಂಬರಿಯಲ್ಲಿ ಸೃಷ್ಟಿಸಿದ ಬೀದಿ ನರ್ತಕಿ ಎಸ್ಮೆರಾಲ್ಡಾ. ಹತ್ತೊಂಬತ್ತನೆಯ ಶತಮಾನದ ಸ್ವರಲಿಪಿ ಹಾಳೆಗಳ ಮುಖಪುಟಗಳು ಅವಳನ್ನು ಚಿತ್ರಿಸಿದ ಬಗೆ ಆ ಪಾತ್ರಕ್ಕೆ ಒಪ್ಪುವಂಥದೇ?

ಪರ

ಆ ಮುಖಪುಟಗಳನ್ನು ಕಾದಂಬರಿಗಾಗಿ ಬರೆದ ಚಿತ್ರಗಳೆಂದು ನೋಡಿದರೆ ತಪ್ಪು ದಾರಿ ಹಿಡಿದಂತೆ. 1844ರ ಮಾರ್ಚ್ 9ರಂದು ಲಂಡನ್ನಿನ ಹರ್ ಮೆಜೆಸ್ಟೀಸ್ ಥಿಯೇಟರಿನಲ್ಲಿ ‘ಲಾ ಎಸ್ಮೆರಾಲ್ಡಾ’ ಬ್ಯಾಲೆ ರಂಗಕ್ಕೆ ಬಂತು. ನೃತ್ಯಸಂಯೋಜನೆ ಜೂಲ್ ಪೆರೋ, ಸಂಗೀತ ಚೆಸಾರೆ ಪುನ್ಯಿ. ನಾಯಕಿಯಾಗಿ ಕುಣಿದದ್ದು ಕಾರ್ಲೊಟ್ಟಾ ಗ್ರಿಸಿ. ಆ ಸಂಗೀತವನ್ನು ಮನೆಯ ಪಿಯಾನೊಗೆ ಒಗ್ಗಿಸಿ ಅಚ್ಚುಹಾಕಿದ ಪ್ರಕಾಶಕರು ಮಾರುತ್ತಿದ್ದದ್ದು ನಿನ್ನೆ ರಾತ್ರಿ ಕಂಡ ಕುಣಿತದ ನೆನಪನ್ನು. ಹ್ಯೂಗೊನ ಪುಟಗಳಿಗೆ ಅವರು ಋಣಿಗಳಲ್ಲ.

ನೆನಪಿಗೆ ಬೇರೆ ಆಸರೆಯೂ ಇರಲಿಲ್ಲ. ಛಾಯಾಗ್ರಹಣ ಲೋಕಕ್ಕೆ ಪ್ರಕಟವಾಗಿ ಐದು ವರ್ಷವಾಗಿತ್ತು ನಿಜ. ಆದರೆ ಅಲುಗಾಡದೆ ಕೂತವರನ್ನು ಹಿಡಿಯುವುದೇ ಅದಕ್ಕೆ ಸಾಹಸವಾಗಿದ್ದಾಗ ಗಾಳಿಗೆ ಎದ್ದ ಲಂಗವನ್ನು ಹಿಡಿಯುವ ಮಾತೆಲ್ಲಿ? ಆ ಕೆಲಸ ಮಾಡಿದ್ದು ಶಿಲಾಮುದ್ರಣ. ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ನೇರವಾಗಿ ಬರೆಯುವುದರಿಂದ ಕಲಾವಿದನ ಕೈಯ ನಯವೆಲ್ಲ ಕಾಗದಕ್ಕೆ ಇಳಿಯುತ್ತದೆ. ಜಾನ್ ಬ್ರಾಂಡರ್ಡ್‌ನಂಥವರ ಕೈಯಲ್ಲಿ ಬ್ಯಾಲೆ ಸಂಗೀತದ ಮುಖಪುಟಗಳು ಒಂದು ಕಲಾಪ್ರಕಾರವೇ ಆದವು. ತೋಳಿನ ಬಾಗು, ಎತ್ತಿ ಹಿಡಿದ ಟ್ಯಾಂಬೂರಿನ್, ಉಡುಪಿನ ಅಂಚು ಇವೆಲ್ಲ ಇಂದು ನೃತ್ಯದ ಇತಿಹಾಸ ಬರೆಯುವವರಿಗೆ ಸಾಕ್ಷ್ಯ. ಪಾದಗಳು ಮಾತ್ರ ಗುಬ್ಬಚ್ಚಿಯ ಪಾದಗಳಷ್ಟಾಗಿರುತ್ತವೆ. ಅದು ಆ ಕಾಲದ ಚಿತ್ರಕಾರರ ಚಟ, ಕ್ಷಮಿಸಿಬಿಡೋಣ.

ಚಿತ್ರದ ಹುಡುಗಿ ಯುರೋಪಿಯನ್ನಳಂತೆ ಬೆಳ್ಳಗಿದ್ದಾಳೆ ಎಂಬ ಆಕ್ಷೇಪಕ್ಕೆ ಕಾದಂಬರಿಯೇ ಉತ್ತರ ಕೊಡುತ್ತದೆ. ಎಸ್ಮೆರಾಲ್ಡಾ ಹುಟ್ಟಿನಿಂದ ಅಲೆಮಾರಿ ಜಿಪ್ಸಿ ಜನಾಂಗದವಳಲ್ಲ. ರಾನ್ಸ್ ಊರಿನ ಹೆಂಗಸೊಬ್ಬಳ ಮಗಳು, ಹೆಸರು ಆನ್ಯೆಸ್. ಕೂಸಾಗಿದ್ದಾಗ ಕದ್ದೊಯ್ದವರ ನಡುವೆ ಬೆಳೆದವಳು.

ವಿರೋಧ

ಋಣವಿಲ್ಲ ಎಂದಾದರೆ ಹೆಸರನ್ನೇಕೆ ಸಾಲ ತಂದರು? ಹಾಳೆ ಕೊಂಡವರು ಎಸ್ಮೆರಾಲ್ಡಾ ಎಂಬ ಹೆಸರನ್ನೂ ಕೊಂಡರು; ಅದಕ್ಕೆ ತೂಕ ಬಂದದ್ದು ಹ್ಯೂಗೊನಿಂದ. ಆದ್ದರಿಂದ ಪುಸ್ತಕವನ್ನು ತೆರೆದೇ ನೋಡಬೇಕು.

1482ರ ಜನವರಿ 6, ಚಳಿಯ ಸಂಜೆ. ಪ್ಯಾರಿಸಿನ ಗ್ರೆವ್ ಚೌಕದಲ್ಲಿ ಬೆಂಕಿ ಹೊತ್ತಿಸಿದ್ದಾರೆ. ಹಳೆಯ ಪರ್ಷಿಯನ್ ಜಮಖಾನದ ಮೇಲೆ ಹುಡುಗಿಯೊಬ್ಬಳು ಗಿರ್ರನೆ ಸುತ್ತುತ್ತಿದ್ದಾಳೆ. ಬಡಕವಿ ಗ್ರಿಂಗ್ವಾರ್ ಕಣ್ಣರಳಿಸಿ, ಈಕೆ ಅಪ್ಸರೆಯೋ ದೇವತೆಯೋ ಎಂದು ಬೆರಗಾಗುತ್ತಾನೆ. ಅಷ್ಟರಲ್ಲಿ ಅವಳ ಜಡೆಯೊಂದು ಬಿಚ್ಚಿ, ಅದಕ್ಕೆ ಸಿಕ್ಕಿಸಿದ್ದ ಹಿತ್ತಾಳೆಯ ಬಿಲ್ಲೆ ನೆಲಕ್ಕೆ ಉರುಳುತ್ತದೆ. ಅಲ್ಲ, ಇವಳು ಜಿಪ್ಸಿ, ಎಂದು ಅವನಿಗೆ ತಿಳಿಯುತ್ತದೆ, ಭ್ರಮೆ ಹರಿಯುತ್ತದೆ. ಹಾಗೆ ಹರಿದರೂ ಅವನು ನೋಡುವುದನ್ನು ಬಿಡುವುದಿಲ್ಲ, ಕುಣಿತದ ಸೊಗಸೂ ಕುಂದುವುದಿಲ್ಲ. ಇಡೀ ಪಾತ್ರ ಆ ಒಂದು ಹಿತ್ತಾಳೆ ಬಿಲ್ಲೆಯ ಸದ್ದಿನಲ್ಲಿದೆ ಎಂದೇ ನನಗೆ ಅನ್ನಿಸುತ್ತದೆ. ಮುಖಪುಟದ ಚಿತ್ರಕಾರರು ಅಪ್ಸರೆಯನ್ನು ಉಳಿಸಿಕೊಂಡು ಬಿಲ್ಲೆಯನ್ನು ಬಿಟ್ಟರು.

ಇನ್ನು ಬಣ್ಣದ ವಾದ. ಹುಟ್ಟು ಏನೇ ಇರಲಿ, ಅವಳ ಮೈಬಣ್ಣ ಕಂದು, ಹಗಲಿನಲ್ಲಿ ಅದಕ್ಕೆ ಹೊಂಬಣ್ಣದ ಹೊಳಪು ಇದ್ದೀತು ಎಂದು ಹ್ಯೂಗೊ ಬರೆದಿದ್ದಾನೆ. ಊರು ಅವಳನ್ನು ಕಂಡದ್ದು ‘ಈಜಿಪ್ಟಿನವಳು’ ಎಂದೇ, ಶಿಕ್ಷಿಸಿದ್ದೂ ಹಾಗೆಂದೇ. (ಜಿಪ್ಸಿಗಳ ಮಾತಿನ ಬೇರು ಈಜಿಪ್ಟಿನಲ್ಲಲ್ಲ, ನಮ್ಮ ಉತ್ತರ ಭಾರತದಲ್ಲಿದೆ ಎಂದು ಜರ್ಮನಿಯ ವಿದ್ವಾಂಸರು 1780ರ ದಶಕದಲ್ಲೇ ತೋರಿಸಿದ್ದರು. ಮುಖಪುಟಗಳಿಗೆ ಅದರ ಗೊಡವೆ ಏಕೆ?) ಅವಳ ಹುಟ್ಟಿನ ಗುಟ್ಟು ತಾಯಿಗೆ ತಿಳಿಯುವುದು ನೇಣಿನ ಬಾಗಿಲಲ್ಲಿ. ಆ ಗುಟ್ಟನ್ನು ಮೊದಲ ಹಾಳೆಯ ಬಣ್ಣಕ್ಕೆ ನೆಪವಾಗಿ ಬಳಸುವುದು ಕತೆಯನ್ನು ಹಿಂದುಮುಂದಾಗಿ ಓದಿದಂತೆ.

ಅವಳ ಮೇಕೆ ಜಾಲಿಯ ಪಾಡೂ ಅಷ್ಟೆ. ಚಿತ್ರದಲ್ಲಿ ಅದಕ್ಕೆ ಜಾಗ ಸಿಕ್ಕರೂ ಮುದ್ದಿನ ನಾಯಿಮರಿಯ ಪಾತ್ರ. ಕಾದಂಬರಿಯಲ್ಲಿ ಅದು ಅಕ್ಷರಗಳನ್ನು ಜೋಡಿಸಿ ‘ಫೀಬಸ್’ ಎಂದು ಅವಳು ಮನಸೋತ ಸೇನಾಧಿಕಾರಿಯ ಹೆಸರು ಬರೆಯುತ್ತದೆ, ಆ ಚಮತ್ಕಾರವೇ ನ್ಯಾಯಾಲಯದಲ್ಲಿ ಮಾಟದ ಪುರಾವೆಯಾಗುತ್ತದೆ. ಕೊನೆಗೆ ಎಸ್ಮೆರಾಲ್ಡಾ ನೇಣಿಗೇರುವುದು ಅದೇ ಗ್ರೆವ್ ಚೌಕದಲ್ಲಿ, ತಾನು ಕುಣಿದ ಕಲ್ಲುಹಾಸಿನ ಮೇಲೆ. ಪೆರೋನ ಬ್ಯಾಲೆ ಅವಳನ್ನು ಬದುಕಿಸಿತು. ಮುಖಪುಟಕ್ಕೆ ಆ ಚಿಂತೆಯೂ ಬರಲಿಲ್ಲ.

ಬ್ರಾಂಡರ್ಡ್‌ನ ಕೈಚಳಕದ ಬಗ್ಗೆ ನನ್ನ ತಕರಾರಿಲ್ಲ. ಅಂಥ ಹಾಳೆಯೊಂದು ಸಿಕ್ಕರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ. ಕೆಳಗೆ ಮಾತ್ರ ಕಾರ್ಲೊಟ್ಟಾ ಗ್ರಿಸಿ ಎಂದು ಬರೆಸುತ್ತೇನೆ.