ವೈಫೈಗೆ ಬೀಗ, ಹೊರಗೆ ನಾನು

ಮನೆಗೆ ಫೈಬರ್ ಇಂಟರ್ನೆಟ್ ಬಂತು. ವೈರ್ ಎಳೆದ ಹುಡುಗ ಗೋಡೆಗೆ ಬಿಳಿ ಡಬ್ಬಿ ಕೂರಿಸಿ, "ಪಾಸ್‌ವರ್ಡ್ ನಿಮ್ಮ ಮೊಬೈಲ್ ನಂಬರೇ ಸಾರ್. ಎಲ್ಲರಿಗೂ ಹಾಗೇ ಇಡ್ತೀವಿ, ಮರೆಯಲ್ಲ ನೋಡಿ" ಅಂದು ಬೈಕ್ ಹತ್ತಿದ.

ನಾನು ಮರೆಯಲ್ಲ, ನಿಜ. ಆದರೆ ಆ ನಂಬರು ಸಿಲಿಂಡರ್ ತರುವವನಿಂದ ಸೈಟ್ ಮಾರುವವರ ತನಕ ಎಲ್ಲರ ಹತ್ತಿರವೂ ಇದೆ. ಮಹಡಿ ಮನೆ ಖಾಲಿಯಾದ ಮೇಲೆ ಗೇಟಿನ 'ಟು ಲೆಟ್' ಬೋರ್ಡಿಗೂ ಏರಿದೆ. ಭದ್ರತೆ ಬೇಕೇಬೇಕು ಅನ್ನಿಸಿತು.

ಮಾರನೇ ದಿನವೇ ಫೋನಿನ ಬ್ರೌಸರಿನಲ್ಲಿ ಡಬ್ಬಿಯ ವಿಳಾಸ 192.168.1.1 ಒತ್ತಿ ಅದರ ಒಳಗೆ ಹೊಕ್ಕೆ. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಮೊದಲು ಅದನ್ನು ಬದಲಾಯಿಸಿದೆ. ಆಮೇಲೆ ವೈಫೈಗೆ ಯಾವ ನಮೂನೆಯ ಬೀಗ, ಡಬ್ಲ್ಯುಪಿಎ2 ಬೇಕಾ, ಡಬ್ಲ್ಯುಪಿಎ3 ಬೇಕಾ ಎಂದು ಕೇಳಿತು. ಎರಡಕ್ಕಿಂತ ಮೂರು ಜಾಸ್ತಿ ಅಲ್ವಾ? ಮೂರನ್ನೇ ಒತ್ತಿದೆ. ವೈಫೈ ಪಾಸ್‌ವರ್ಡಿಗೆ ನನ್ನಾಕೆ ಹೇಳಿದಂತೆ 'ಮಾವಿನಕಾಯಿ ಚಿತ್ರಾನ್ನ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟೆ. (ಈಗ ಬದಲಾಯಿಸಿದ್ದೇನೆ, ಸುಮ್ನೆ ಪ್ರಯತ್ನಿಸಬೇಡಿ.)

ಅವಳ ಫೋನ್ ಸೇರಿಕೊಂಡಿತು, ಟೀವಿಯೂ ಸೇರಿಕೊಂಡಿತು. ನನ್ನ ಲ್ಯಾಪ್‌ಟಾಪ್ ಮಾತ್ರ ಜಪ್ಪಯ್ಯ ಅಂದರೂ ಸೇರಲಿಲ್ಲ.

ಅದು 2010ರದ್ದು. ಕರೆಂಟಿನ ವೈರ್ ಕಿತ್ತರೆ ಆ ಕ್ಷಣವೇ ಆರಿಹೋಗುತ್ತದೆ. ಫ್ಯಾನು ಇಡ್ಲಿ ಹಿಟ್ಟು ರುಬ್ಬಿದ ಹಾಗೆ ಸದ್ದು ಮಾಡುತ್ತದೆ. ಡಬ್ಲ್ಯುಪಿಎ3 ಬಂದಿದ್ದು 2018ರಲ್ಲಿ; ಅದಕ್ಕೂ ಎಂಟು ವರ್ಷ ಮುಂಚೆ ಹುಟ್ಟಿದ ಇದಕ್ಕೆ ಆ ಭಾಷೆಯೇ ಗೊತ್ತಿಲ್ಲ. ಮಾನ ಬಿಟ್ಟು ಎರಡಕ್ಕೆ ಇಳಿದೆ.

ಇನ್ನು ಪಾಸ್‌ವರ್ಡ್ ಹೊಡೆಯಬೇಕು. ನನ್ನ ಕೀಬೋರ್ಡಿನಲ್ಲಿ 'ಎ' ಅಕ್ಷರ ಒಮ್ಮೊಮ್ಮೆ ಬೀಳುವುದಿಲ್ಲ, ಬಿದ್ದರೆ ಎರಡೆರಡು ಬೀಳುತ್ತದೆ. ಮಾವಿನಕಾಯಿ ಚಿತ್ರಾನ್ನದಲ್ಲಿ ಎಂಟು 'ಎ' ಇವೆ. ಏನು ಬಿತ್ತೋ ನೋಡೋಣ ಅಂದರೆ ಬರೀ ಕಪ್ಪು ಚುಕ್ಕಿ. ಚುಕ್ಕಿ ಎಣಿಸುತ್ತಾ ಎಣಿಸುತ್ತಾ ಹನ್ನೊಂದನೇ ಸಲಕ್ಕೆ ಒಳಗೆ ಬಿಟ್ಟುಕೊಂಡಿತು.

ಬ್ಯಾಂಕಿನ ಪುಟ ತೆರೆದೆ. 'ಈ ಸಂಪರ್ಕ ಸುರಕ್ಷಿತವಲ್ಲ' ಎಂದು ಬಂತು. ಮೇಲ್ ತೆರೆದೆ, ಅದೇ ಮಾತು. ಇಷ್ಟು ಒದ್ದಾಡಿದ ಮೇಲೂ ಸುರಕ್ಷಿತವಲ್ಲವಂತೆ! ಡಬ್ಬಿಗೆ, ಹುಡುಗನಿಗೆ, ಮಾವಿನಕಾಯಿಗೆ ಎಲ್ಲಕ್ಕೂ ಬೈದೆ.

"ರೀ, ಇದರಲ್ಲಿ ತಾರೀಕು ನೋಡಿ" ಅಂದಳು ನನ್ನಾಕೆ, ಅವರೆಕಾಳು ಸುಲಿಯುತ್ತಲೇ.

ಕೆಳಗಿನ ಮೂಲೆಯಲ್ಲಿ 2010, ಜನವರಿ 1. ಹೊಸ ವರ್ಷದ ದಿನ! ಪುಟ ಅಸಲಿ ಎಂದು ಸಾರುವ, ತಾರೀಕು ಹಾಕಿದ ಬ್ಯಾಂಕಿನ ಇವತ್ತಿನ ಸರ್ಟಿಫಿಕೇಟು ಆ ಲೆಕ್ಕಕ್ಕೆ ಇನ್ನೂ ಹುಟ್ಟೇ ಇಲ್ಲ. ಒಳಗಡೆ ಗಡಿಯಾರ ನಡೆಸುವ ಸೆಲ್ ಸತ್ತಿತ್ತು. ಒಂದು ರೂಪಾಯಿ ನಾಣ್ಯದಷ್ಟಿರುವ ಸೆಲ್ಲು. ವಾಚ್ ರಿಪೇರಿಯವರು "ಯಾವ ವಾಚಿಗೆ?" ಎಂದರು. "ಲ್ಯಾಪ್‌ಟಾಪಿಗೆ" ಎಂದೆ. ಕಣ್ಣಿಗೆ ಸಿಕ್ಕಿಸಿದ್ದ ಭೂತಗಾಜನ್ನು ತೆಗೆದು ನನ್ನನ್ನೇ ಪರೀಕ್ಷಿಸಿದರು.

ಸೆಲ್ ಹಾಕಿ ತಾರೀಕು ತಿದ್ದಿದೆ, ಎಲ್ಲ ತೆರೆಯಿತು. ಮಗನಿಗೆ ಫೋನ್ ಮಾಡಿ ಕೊಚ್ಚಿಕೊಂಡೆ. "ಅಪ್ಪಾ, ನಿನ್ನ ಲ್ಯಾಪ್‌ಟಾಪಿನಲ್ಲಿರೋ ವಿಂಡೋಸ್ 7ಕ್ಕೆ ಭದ್ರತೆಯ ಅಪ್‌ಡೇಟ್ ಬರೋದು 2020ರ ಜನವರಿಗೇ ನಿಂತೋಯ್ತು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆಗೆದಿಟ್ಟಿದ್ದೀಯ" ಅಂದ. ಈ ಮಕ್ಕಳಿಗೆ ಖುಷಿಯಾಗಿ ಇರುವವರನ್ನು ಕಂಡರೆ ಆಗುವುದಿಲ್ಲ.

ಅಷ್ಟರಲ್ಲಿ ಬೆಲ್ ಆಯಿತು. ಎದುರುಮನೆ ಹುಡುಗ, ಕೈಯಲ್ಲಿ ಮೊಬೈಲು, ಮುಖದಲ್ಲಿ ಬೇಜಾರು.

"ಅಂಕಲ್, ಬೆಳಗ್ಗೆಯಿಂದ ನಿಮ್ಮ ವೈಫೈ ಕನೆಕ್ಟೇ ಆಗ್ತಿಲ್ಲ. ಗೇಟಿನ ಬೋರ್ಡಲ್ಲಿರೋ ನಂಬರೇ ಹಾಕ್ತಿದ್ದೀನಿ."